ಜೀವನ್ ರಕ್ಷಾ ಪದಕ: ಯೋಜನೆಗೆ ಪೂರ್ತಿ ಅಂಕ, ಅರ್ಜಿಯ ದಾರಿಗೆ ಅರ್ಧ

ಹೊಳೆಗೆ ಹಾರಿ ಯಾರದೋ ಮಗುವನ್ನು ದಡಕ್ಕೆ ತಳ್ಳಿ, ತಾನು ಮೇಲೆ ಬಾರದೆ ಹೋದವರಿಗೆ ದೇಶದ ಕಡೆಯಿಂದ ಸಲ್ಲುವ ಗೌರವವೊಂದಿದೆ. ಕೇಂದ್ರ ಗೃಹ ಸಚಿವಾಲಯದ ಜೀವನ್ ರಕ್ಷಾ ಪದಕ ಸರಣಿ 1961ರಿಂದ ನಡೆದುಕೊಂಡು ಬಂದಿದೆ, ಮರಣೋತ್ತರವಾಗಿಯೂ ಕೊಡುತ್ತಾರೆ. ಪಯಸ್ವಿನಿ, ಶಿರಿಯ, ಮೊಗ್ರಾಲು ಹೊಳೆಗಳು, ಮಳೆಗಾಲದಲ್ಲಿ ನೀರು ತುಂಬುವ ಕೆಂಪುಕಲ್ಲಿನ ಕೋರೆಗಳು, ಕೆಳಗಿಳಿದರೆ ಉಸಿರು ಸಿಗದ ಆಳದ ಬಾವಿಗಳು ಇರುವ ಕಾಸರಗೋಡು ಜಿಲ್ಲೆಯಲ್ಲಿ ಪ್ರತಿಯೊಬ್ಬ ವಾರ್ಡ್ ಮೆಂಬರಿಗೂ ಇದು ಗೊತ್ತಿರಬೇಕು.

ಪದಕದಲ್ಲಿ 3 ದರ್ಜೆ. ರಕ್ಷಿಸಲು ಹೋದವರ ಜೀವಕ್ಕೆ ಅತಿ ದೊಡ್ಡ ಅಪಾಯವಿದ್ದರೆ ಸರ್ವೋತ್ತಮ ಜೀವನ್ ರಕ್ಷಾ ಪದಕ, ದೊಡ್ಡ ಅಪಾಯವಿದ್ದರೆ ಉತ್ತಮ ಜೀವನ್ ರಕ್ಷಾ ಪದಕ, ದೇಹಕ್ಕೆ ಗಂಭೀರ ಗಾಯವಾಗುವ ಸಂದರ್ಭವಾದರೆ ಜೀವನ್ ರಕ್ಷಾ ಪದಕ. ಜೊತೆಗೆ ಕ್ರಮವಾಗಿ 2 ಲಕ್ಷ, 1.5 ಲಕ್ಷ, 1 ಲಕ್ಷ ರೂಪಾಯಿ ಒಂದೇ ಸಲ ಕೊಡುತ್ತಾರೆ. ಕೇಂದ್ರ ಗೃಹ ಸಚಿವರ ಸಹಿಯ ಪ್ರಮಾಣಪತ್ರವೂ ಇರುತ್ತದೆ. ನೀರು, ಬೆಂಕಿ, ಕರೆಂಟು, ಗುಡ್ಡ ಕುಸಿತ, ಪ್ರಾಣಿಯ ದಾಳಿ ಎಲ್ಲವೂ ಇದರಡಿ ಬರುತ್ತವೆ. ಗಂಡು ಹೆಣ್ಣು, ಕೂಲಿ ಕೆಲಸದವರು, ವಿದ್ಯಾರ್ಥಿ ಎಂಬ ಭೇದವಿಲ್ಲ. ಸೈನ್ಯ, ಪೊಲೀಸು, ಅಗ್ನಿಶಾಮಕ ದಳದವರಿಗೆ ಮಾತ್ರ ಒಂದು ಷರತ್ತು, ಘಟನೆ ಕರ್ತವ್ಯದ ಹೊರಗೆ ನಡೆದಿರಬೇಕು. ಯೋಜನೆಯ ಈ ಭಾಗದಲ್ಲಿ ಹುಳುಕು ಹುಡುಕುವಂಥದ್ದು ಏನೂ ಇಲ್ಲ.

ಅಶೋಕ ಚಕ್ರಕ್ಕೆ ಯಾಕೆ ಬರೆಯಬಾರದು ಎಂದು ಕೇಳುವವರಿದ್ದಾರೆ. ಅದೂ ನಾಗರಿಕರಿಗೆ ಸಲ್ಲುತ್ತದೆ. 1986ರ ಸೆಪ್ಟೆಂಬರ್ 5ರಂದು ಕರಾಚಿಯಲ್ಲಿ ವಿಮಾನ ಅಪಹರಣಕಾರರ ಗುಂಡಿನಿಂದ ಪ್ರಯಾಣಿಕರನ್ನು ಉಳಿಸಲು ಹೋಗಿ ಪ್ರಾಣ ಬಿಟ್ಟ ಗಗನಸಖಿ ನೀರಜಾ ಭನೋಟ್ ಅವರಿಗೆ ಮರಣೋತ್ತರವಾಗಿ ಸಂದಿತು. ಆದರೆ ಹೊಳೆ, ಬಾವಿ, ಬೆಂಕಿಯ ಘಟನೆಗಳಿಗೆ ಜೀವನ್ ರಕ್ಷಾ ಪದಕವೇ ಸರಿಯಾದ ದಾರಿ. ದೊಡ್ಡದಕ್ಕೇ ಹಾಕೋಣ ಎಂದು ಹೊರಟು ದಿನ ಕಳೆಯಬೇಡಿ.

ಈಗ ದಾರಿಯ ಮಾತು. ಮನೆಯವರು ನೇರ ದೆಹಲಿಗೆ ಬರೆದರೆ ಅದು ಶಿಫಾರಸು ಆಗುವುದಿಲ್ಲ. ರಾಜ್ಯ ಸರಕಾರವೋ ಕೇಂದ್ರದ ಇಲಾಖೆಯೋ ಹೆಸರು ಕಳಿಸಬೇಕು. ಆದ್ದರಿಂದ ಅರ್ಜಿ ಕೊಡಬೇಕಾದ್ದು ವಿದ್ಯಾನಗರದ ಕಲೆಕ್ಟರೇಟಿಗೆ. ಅಲ್ಲಿಂದ ಪೊಲೀಸು ಮತ್ತು ಕಂದಾಯ ಇಲಾಖೆಗಳ ವರದಿ ಸೇರಿ ತಿರುವನಂತಪುರಕ್ಕೆ, ಅಲ್ಲಿಂದ ಗೃಹ ಸಚಿವಾಲಯಕ್ಕೆ. ಘಟನೆ ನಡೆದು 2 ವರ್ಷ ದಾಟಿದರೆ ಬಾಗಿಲು ಮುಚ್ಚಿದಂತೆ. ಕಡತ ದಾಟಬೇಕಾದ ಮೇಜುಗಳನ್ನು ಲೆಕ್ಕ ಹಾಕಿದರೆ ಈ 2 ವರ್ಷ ಬಹಳ ಕಡಿಮೆ. ಯೋಜನೆಯಲ್ಲಿ ಬದಲಾಗಬೇಕಾದ ಮೊದಲ ನಿಯಮವೇ ಇದು.

ಕಡತ ಸೋಲುವುದು ಮಾತ್ರ ದೆಹಲಿಯಲ್ಲಲ್ಲ, ಮೊದಲ ದಿನ ಠಾಣೆಯಲ್ಲಿ. ಮುಳುಗಿ ಸತ್ತರೆ ಪೊಲೀಸರು ಅಸಹಜ ಸಾವು ಎಂದು ದಾಖಲಿಸುತ್ತಾರೆ. ಮೊದಲು ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 174ನೇ ಸೆಕ್ಷನ್, 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನ 194ನೇ ಸೆಕ್ಷನ್. ಸಾವಿಗೆ ಕಾರಣವೇನು, ಯಾರ ಮೇಲಾದರೂ ಸಂಶಯವಿದೆಯೇ ಎಂಬುದಷ್ಟೇ ಆ ವಿಚಾರಣೆಯ ಉದ್ದೇಶ. ‘ಹೊಳೆಯಲ್ಲಿ ಮುಳುಗಿ ಮೃತಪಟ್ಟಿದ್ದಾರೆ’ ಎಂದು ಬರೆದರೆ ಅವರ ಕೆಲಸ ಮುಗಿಯಿತು. ಯಾಕೆ ನೀರಿಗಿಳಿದರು ಎಂಬುದು ಕಾಗದದಲ್ಲಿ ಇರುವುದೇ ಇಲ್ಲ. ವರ್ಷದ ನಂತರ ಕಲೆಕ್ಟರೇಟಿನಿಂದ ವರದಿ ಕೇಳಿದಾಗ ಠಾಣೆ ಅದೇ ಸಾಲನ್ನು ಕಳಿಸುತ್ತದೆ. ದುಃಖದ ಮನೆಗೆ ಇದನ್ನೆಲ್ಲ ನೋಡುವ ಶಕ್ತಿ ಇರುವುದಿಲ್ಲ. ನೆರೆಯವರು, ಕ್ಲಬ್ಬಿನವರು, ವಾರ್ಡ್ ಮೆಂಬರು ನಿಂತು ಮಾಡಿಸಬೇಕು. ಮಹಜರಿಗೆ ಸಹಿ ಹಾಕುವ ಪಂಚರು ‘ಇನ್ನೊಬ್ಬರನ್ನು ಉಳಿಸಲು ಇಳಿದರು’ ಎಂಬ ಮಾತು ಅದರಲ್ಲಿದೆಯೇ ಎಂದು ಓದಿಸಿ ಕೇಳಿಯೇ ಸಹಿ ಹಾಕಲಿ.

ಎಲ್ಲಕ್ಕಿಂತ ತೂಕದ ದಾಖಲೆ ಬದುಕಿ ಉಳಿದವರ ಹೇಳಿಕೆ. ಅವರು ಪ್ರವಾಸಕ್ಕೆ ಬಂದವರೋ ನೆಂಟರೋ ಆಗಿದ್ದರೆ ವಾರದೊಳಗೆ ಊರು ಬಿಡುತ್ತಾರೆ, ಮೊದಲು ಅವರಿಂದ ಬರೆಸಿಕೊಳ್ಳಿ. ಕಣ್ಣಾರೆ ಕಂಡವರ ಹೇಳಿಕೆಗಳನ್ನು ಬೇರೆ ಬೇರೆಯಾಗಿ ಬರೆಸಿ: ಎಲ್ಲಿ ನಿಂತು ನೋಡಿದರು, ಎಷ್ಟು ದೂರ, ಎಷ್ಟು ಹೊತ್ತು. ಒಂದೇ ಒಕ್ಕಣೆಗೆ ಹತ್ತು ಮಂದಿ ಸಹಿ ಹಾಕಿದ ಮನವಿಗೆ ಬೆಲೆ ಕಡಿಮೆ. ದರ್ಜೆ ನಿರ್ಧಾರವಾಗುವುದು ಅಪಾಯದ ಮೇಲಾದ್ದರಿಂದ ಅದನ್ನು ಅಳತೆಯಲ್ಲಿ ಹೇಳಬೇಕು. ಹೊಳೆಯಾದರೆ ಅಗಲ, ಆಳ, ಸೆಳೆತ, ಆ ದಿನ ಹವಾಮಾನ ಇಲಾಖೆ ಕೊಟ್ಟಿದ್ದ ಅಲರ್ಟಿನ ಬಣ್ಣ. ಬಾವಿಯಾದರೆ ಆಳ ಎಷ್ಟು ಕೋಲು (ನಮ್ಮ ಕಡೆ ಬಾವಿ ಅಳೆಯುವ ಅಳತೆ), ಹಗ್ಗವಿತ್ತೇ, ಮೊದಲು ಇಳಿದವರು ಪ್ರಜ್ಞೆ ತಪ್ಪಿದ್ದನ್ನು ಕಂಡೂ ಎರಡನೆಯವರು ಇಳಿದರೇ, ಅಗ್ನಿಶಾಮಕ ದಳ ಬರಲು ಎಷ್ಟು ನಿಮಿಷ ಹಿಡಿಯಿತು. ಅಡಿಕೆ, ತೆಂಗು ಕೊಯ್ಯುವ ಅಲ್ಯೂಮಿನಿಯಂ ತೋಟಿ ತಂತಿಗೆ ತಾಗಿದ ಪ್ರಕರಣದಲ್ಲಿ ವಿದ್ಯುತ್ ಮಂಡಳಿಯ ವರದಿ. ಪತ್ರಿಕೆಯ ತುಣುಕುಗಳನ್ನು ಲಗತ್ತಿಸಬಹುದು, ಅವುಗಳನ್ನೇ ನೆಚ್ಚಿಕೊಂಡರೆ ಆಗದು.

ಗಡಿಯ ನಮಗೆ ಇನ್ನೆರಡು ತೊಡಕು. ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನ ಮಲಯಾಳದಲ್ಲಿ ಮನೆಹೆಸರು ಸೇರಿದ ಇನ್ನೊಂದು, ಶಾಲೆಯ ಕನ್ನಡ ದಾಖಲೆಯಲ್ಲಿ ಮತ್ತೊಂದು. ಎಲ್ಲವೂ ಒಬ್ಬರದೇ ಎಂಬ ಪ್ರಮಾಣಪತ್ರವನ್ನು ವಿಲೇಜ್ ಆಫೀಸಿನಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ. ತಹಶೀಲ್ದಾರರು ಕೊಡುವ ವಾರಸುದಾರರ ಸರ್ಟಿಫಿಕೇಟಿಗೆ ಗೆಜೆಟ್ ಪ್ರಕಟಣೆ, ಆಕ್ಷೇಪಣೆಯ ಅವಧಿ ಎಲ್ಲ ಇರುವುದರಿಂದ ಅದನ್ನೂ ಪದಕ ಘೋಷಣೆಗೆ ಕಾಯದೆ ಶುರುಮಾಡಿ. ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ಭಾಷಾ ಅಲ್ಪಸಂಖ್ಯಾತರಾದ ನಮಗೆ 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಿಂದಲೇ ಬಂದಿದೆ, ಬಳಸಿ. ಆದರೆ ಘಟನೆಯ ವಿವರಣೆಯನ್ನು ಇಂಗ್ಲಿಷಿನಲ್ಲೂ ನೀವೇ ಬರೆಸಿ ಲಗತ್ತಿಸಿ. ಅನುವಾದವನ್ನು ಕಚೇರಿಗೆ ಬಿಟ್ಟರೆ ದಿನ ಹೋಗುವುದಲ್ಲದೆ, ‘ಸೆಳೆತಕ್ಕೆ ಎದುರು ಈಜಿ’ ಎಂಬಂಥ ಮುಖ್ಯ ಮಾತುಗಳು ಬಿಟ್ಟುಹೋಗುತ್ತವೆ.

ಎರಡನೆಯದು, ಮಂಜೇಶ್ವರದವರು ನೇತ್ರಾವತಿಯಲ್ಲಿ ತೀರಿಕೊಂಡರೆ ಪೊಲೀಸು ದಾಖಲೆ ಕರ್ನಾಟಕದ್ದು, ವಿಳಾಸ ಕೇರಳದ್ದು. ಎರಡು ರಾಜ್ಯಗಳ ಕಚೇರಿಗಳ ನಡುವಿನ ಪತ್ರಕ್ಕೆ ಕಾಯದೆ, ಎಫ್‌ಐಆರ್, ಮಹಜರು, ಪೋಸ್ಟ್‌ಮಾರ್ಟಂ ವರದಿಗಳ ದೃಢೀಕೃತ ಪ್ರತಿಗಳನ್ನು ಕೈಯಲ್ಲೇ ತಂದು ಕಾಸರಗೋಡಿನ ಅರ್ಜಿಗೆ ಸೇರಿಸಿ, ಒಂದು ಪ್ರತಿಯನ್ನು ಮಂಗಳೂರಿನ ಜಿಲ್ಲಾಧಿಕಾರಿಗೂ ಕೊಡುವುದು ಒಳ್ಳೆಯದು.

ಪ್ರಶಸ್ತಿ ಗಣರಾಜ್ಯೋತ್ಸವದ ಹೊತ್ತಿಗೆ ಪ್ರಕಟವಾಗುತ್ತದೆ, ಪದಕವನ್ನು ಮನೆಯವರಿಗೆ ಒಪ್ಪಿಸುವುದು ರಾಜ್ಯ ಸರಕಾರ. ರಾಷ್ಟ್ರಪತಿಗಳು ಒಪ್ಪಿಗೆ ಕೊಟ್ಟ ಪದಕವಿದು, ಕಚೇರಿಯ ಕೋಣೆಯಲ್ಲಿ ಕೈಗಿಟ್ಟು ಕಳಿಸುವಂಥದ್ದಲ್ಲ. ವಿದ್ಯಾನಗರದ ಗಣರಾಜ್ಯೋತ್ಸವ ಅಥವಾ ಸ್ವಾತಂತ್ರ್ಯೋತ್ಸವದ ವೇದಿಕೆಯಲ್ಲೇ ಕೊಡಬೇಕೆಂದು ಪಂಚಾಯತು ನಿರ್ಣಯ ಮಾಡಿ ಜಿಲ್ಲಾಧಿಕಾರಿಗೆ ಕಳಿಸಲಿ. ಯಾರನ್ನು ಉಳಿಸಲು ಅವರು ಇಳಿದರೋ ಆ ಮನೆಯವರಿಗೂ ಆಮಂತ್ರಣ ಹೋಗಲಿ.