‘ಮೇ ಐ ನೋ’ ಎನ್ನಬೇಕೇ, ‘ಕುಡ್ ಯು ಟೆಲ್ ಮಿ’ ಎನ್ನಬೇಕೇ?

ಇಂಗ್ಲಿಷಿನಲ್ಲಿ ಪತ್ರ ಬರೆದು ಏನನ್ನಾದರೂ ವಿಚಾರಿಸುವಾಗ ನಮ್ಮ ಕೈ ತಾನಾಗಿಯೇ ‘ಮೇ ಐ ನೋ’ ಎಂದು ಬರೆದುಬಿಡುತ್ತದೆ. ‘ತಿಳಿಯಬಹುದೇ’ ಎಂಬ ಕನ್ನಡದ ವಿನಯವೇ ಅಲ್ಲಿ ಪರಭಾಷೆಯ ಅಂಗಿ ತೊಟ್ಟಿರುತ್ತದೆ. ವ್ಯಾಕರಣದ ದೋಷವೇನೂ ಇಲ್ಲ. ಭಾರತದೊಳಗಿನ ಪತ್ರವ್ಯವಹಾರಕ್ಕೆ ಧಾರಾಳವಾಗಿ ಸಾಕು. ಬ್ರಿಟನ್, ಅಮೆರಿಕದ ಓದುಗರಿಗೆ ಮಾತ್ರ ಅದು ತುಸು ಬಿಗಿಯಾಗಿ ಕಾಣಬಹುದು. ಹಿಂದೆಯೇ ‘ವೈ’ ಸೇರಿಸಿದರಂತೂ ಮೇಲಧಿಕಾರಿ ವಿವರಣೆ ಕೇಳಿದ ಹಾಗೆ!

‘ಕುಡ್ ಯು ಟೆಲ್ ಮಿ’ಯಲ್ಲಿ ಅನುಮತಿಯ ಮಾತಿಲ್ಲ, ನೆರವಿನ ಕೋರಿಕೆ ಇದೆ. ಎಲ್ಲಿಗೆ ಬರೆದರೂ ಸಲ್ಲುತ್ತದೆ, ನನ್ನ ಆಯ್ಕೆಯೂ ಇದೇ. ಎಡವುವುದು ಪದಗಳ ಕ್ರಮದಲ್ಲಿ. ನೇರ ಪ್ರಶ್ನೆ ‘ವೆನ್ ವಿಲ್ ದ ರಿಸಲ್ಟ್ಸ್ ಕಮ್’ ಎಂದಿದ್ದರೆ, ಇದರ ಒಳಗೆ ಸೇರಿದಾಗ ‘ವೆನ್ ದ ರಿಸಲ್ಟ್ಸ್ ವಿಲ್ ಕಮ್’ ಆಗಬೇಕು. ಕನ್ನಡದಲ್ಲಿ ‘ಫಲಿತಾಂಶ ಯಾವಾಗ ಬರುತ್ತದೆ’ ಎಂಬುದು ‘ಎಂದು ತಿಳಿಸುವಿರಾ’ ಸೇರಿದರೂ ಕದಲುವುದಿಲ್ಲ. ಅದಕ್ಕೇ ನಮಗೆ ಈ ತಿರುವು ಮರೆತುಹೋಗುತ್ತದೆ. ‘ಮೇ ಐ ನೋ’ಗೂ ಇದೇ ನಿಯಮ.

ಸಹೋದ್ಯೋಗಿಗಳಿಗೆ ‘ಪ್ಲೀಸ್ ಲೆಟ್ ಮಿ ನೋ’ ಸಾಕು. ‘ಲೆಟ್’ ಎಂದರೆ ಬಿಡು ಎಂದರ್ಥವಾದರೂ ಇಲ್ಲಿ ಅದು ಬರಿಯ ‘ತಿಳಿಸಿ’. ಆದರೆ ಹೆಚ್ಚು ಗೌರವ ತೋರಲು ಅದನ್ನೇ ‘ಅಲೌ ಮಿ ಟು ನೋ’ ಎಂದು ಬದಲಿಸಬೇಡಿ. ಗೌರವವೇ ಬೇಕಿದ್ದರೆ ‘ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ಟೆಲ್ ಮಿ’ ಇದೆ, ಕೊಂಚ ಉದ್ದ.