ಡಿಸ್ಕೋರ್ಸ್ ದೀರ್ಘ ಬಳಕೆಯ ವಿಮರ್ಶೆ: ಸೊರಗುತ್ತಿರುವ ಹವ್ಯಾಸಿ ವೇದಿಕೆಗೆ ಎಷ್ಟು ಆಸರೆ?

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೇಳಿದ್ದಕ್ಕೆ ಉತ್ತರ ಕೊಡುವ ಮೂರು ನಾಲ್ಕು ಮಂದಿ ಇನ್ನೂ ಉಳಿದಿರುವ ಬಳಗಕ್ಕೆ ಡಿಸ್ಕೋರ್ಸ್ ಎಂಬ ಚರ್ಚಾ ವೇದಿಕೆಯ ತಂತ್ರಾಂಶ ಗಟ್ಟಿಮುಟ್ಟಾದ ಮನೆ. ಆದರೆ ಇನ್‌ಸ್ಟಾಲ್ ಮಾಡಿದಾಗ ಇರುವ ಸ್ಥಿತಿಯಲ್ಲೇ ಬಿಟ್ಟರೆ ಸಣ್ಣ ಬಳಗವನ್ನು ಅದು ಇನ್ನಷ್ಟು ಸೊರಗಿಸುತ್ತದೆ. ಅದರ ಮೂಲ ಸೆಟ್ಟಿಂಗ್‌ಗಳೆಲ್ಲ ದಿನಕ್ಕೆ ಸಾವಿರಾರು ಜನ ಓಡಾಡುವ ತಾಣದ ಅಳತೆಗೆ ಹೊಲಿದ ಅಂಗಿ. ಇನ್ನೂರು ಸದಸ್ಯರ ಗುಂಪಿಗೆ ಅದನ್ನು ಬಿಚ್ಚಿ ಮತ್ತೆ ಹೊಲಿಯಬೇಕು.

ಇಷ್ಟೆಲ್ಲ ಯಾಕೆ, ವಾಟ್ಸ್ಆ್ಯಪ್ ಗುಂಪು ಸಾಲದೇ ಎಂದು ಕೇಳುವವರಿದ್ದಾರೆ. ಹವ್ಯಾಸಕ್ಕೆ ರೇಡಿಯೋ ಕಟ್ಟುವ ಹ್ಯಾಮ್‌ಗಳ ಒಂದು ಹಳೆಯ ಪ್ರಶ್ನೆ ನೋಡಿ: 'ಬಿಟ್‌ಎಕ್ಸ್ ಮಾದರಿಯ ಸೆಟ್ ಕಟ್ಟಿದ್ದೇನೆ, ವಿಎಫ್‌ಓ ಒಂದೇ ಕಡೆ ನಿಲ್ಲುವುದಿಲ್ಲ, ಜಾರುತ್ತಲೇ ಇರುತ್ತದೆ.' (ಬಿಟ್‌ಎಕ್ಸ್ ಎಂದರೆ ಮನೆಯಲ್ಲೇ ಕಟ್ಟುವ ರೇಡಿಯೋ ಸೆಟ್, ವಿಎಫ್‌ಓ ಎಂದರೆ ಅದರ ಆವರ್ತನ ಬದಲಿಸುವ ಆಸಿಲೇಟರ್.) ಸರಿಯಾದ ಉತ್ತರ ನಾಲ್ಕು ಸಾಲಿನದಲ್ಲ. ಆಸಿಲೇಟರ್‌ನಲ್ಲಿರುವ ಸಾದಾ ಸೆರಾಮಿಕ್ ಕೆಪಾಸಿಟರ್ ತೆಗೆದು ಎನ್‌ಪಿ0 ಅಥವಾ ಪಾಲಿಸ್ಟೈರೀನ್ ಹಾಕಬೇಕು. ಕೆಂಪು ಬಣ್ಣದ 2ನೇ ನಮೂನೆಯ ಟೊರಾಯ್ಡ್ ಬದಲು ಹಳದಿಯ 6ನೇ ನಮೂನೆ ಹಾಕಿದರೆ ಬಿಸಿಗೆ ಅದರ ಬದಲಾವಣೆ ಕಡಿಮೆ. ಸುರುಳಿ ಅಲುಗದಂತೆ ಬಿಗಿಯಬೇಕು, ಆ ಹಂತಕ್ಕೆ ಪ್ರತ್ಯೇಕ ರೆಗ್ಯುಲೇಟರ್ ಇರಬೇಕು, ಡಬ್ಬಿ ಮುಚ್ಚಿ ಹತ್ತು ನಿಮಿಷ ಬಿಟ್ಟು ಅಳೆಯಬೇಕು. ವಾಟ್ಸ್ಆ್ಯಪ್‌ನಲ್ಲಿ ಇಷ್ಟೂ ಬರೆದರೆ ಸಂಜೆಯೊಳಗೆ ಶುಭಾಶಯದ ಚಿತ್ರಗಳಡಿ ಹೂತುಹೋಗುತ್ತದೆ. ಮುಂದಿನ ತಿಂಗಳು ಅದೇ ಪ್ರಶ್ನೆ ಬಂದಾಗ ಬರೆದವರಿಗೆ ಎರಡನೇ ಸಲ ಬರೆಯುವ ಉತ್ಸಾಹ ಇರುವುದಿಲ್ಲ. ಬಳಗ ಸಾಯುವುದು ಹೀಗೆ: ಪ್ರಶ್ನೆ ನಿಲ್ಲುವ ಮೊದಲೇ ಉತ್ತರ ನಿಲ್ಲುತ್ತದೆ. ವೇದಿಕೆಯಲ್ಲಿ ಎಳೆಯಾಗಿ (ಪ್ರಶ್ನೆ, ಅದರಡಿಯೇ ಉತ್ತರಗಳು) ಉಳಿದ ಉತ್ತರಕ್ಕೆ ಒಂದು ಕೊಂಡಿ ಕೊಟ್ಟರೆ ಮುಗಿಯಿತು. ಸರ್ಚ್ ಎಂಜಿನ್ ಮೂಲಕ ಹೊಸಬರೂ ಅಲ್ಲಿಗೇ ಬರುತ್ತಾರೆ. ಡಿಸ್ಕಾರ್ಡ್, ಟೆಲಿಗ್ರಾಂ, ವಾಟ್ಸ್ಆ್ಯಪ್‌ಗಳ ಗುಂಪಿನೊಳಗಿನ ಮಾತಿಗೆ ಹೊರಗಿನಿಂದ ಹೀಗೆ ದಾರಿ ಸಿಗುವುದಿಲ್ಲ.

ಅಳವಡಿಕೆ ಕಷ್ಟವಲ್ಲ. 64 ಬಿಟ್ ಲಿನಕ್ಸ್ ಸರ್ವರ್, 1 ಜಿಬಿ ರ‍್ಯಾಮ್ ಜೊತೆಗೆ 2 ಜಿಬಿ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ), 10 ಜಿಬಿ ಡಿಸ್ಕ್ ಕನಿಷ್ಠ ಬೇಕು. ತಂತ್ರಾಂಶವನ್ನು ಪೊಟ್ಟಣವಾಗಿ ಓಡಿಸುವ ಡಾಕರ್ ಮೇಲೆ ನಡೆಯುತ್ತದೆ, ಸ್ವಂತ ಡೊಮೈನ್ ಹೆಸರು ಕಡ್ಡಾಯ. ಸ್ವಾಪ್ ಮರೆತರೆ ರೀಬಿಲ್ಡ್ (ತಂತ್ರಾಂಶವನ್ನು ಮತ್ತೆ ಕಟ್ಟುವುದು) ಅರ್ಧದಲ್ಲಿ ಮೆಮೊರಿ ಸಾಲದೆ ನಿಲ್ಲುತ್ತದೆ, ತಾಣವೂ ಅಷ್ಟು ಹೊತ್ತು ಮುಚ್ಚಿರುತ್ತದೆ. ರೀಬಿಲ್ಡ್ ಆದ ಮೇಲೆ ಹಳೆಯ ಡಾಕರ್ ಇಮೇಜುಗಳು ಡಿಸ್ಕ್ ತಿನ್ನುತ್ತಾ ಕೂತಿರುತ್ತವೆ, ಲಾಂಚರ್‌ನ ಕ್ಲೀನಪ್ ಆದೇಶ ಕೊಟ್ಟು ತೆಗೆಯಿರಿ.

ನಿಜವಾದ ತೊಡಕು ಇಮೇಲ್. ಡಿಸ್ಕೋರ್ಸ್ ಪೂರ್ತಿ ಇಮೇಲ್ ಮೇಲೆ ನಿಂತಿದೆ, ಆದರೆ ಅನೇಕ ಕ್ಲೌಡ್ ಕಂಪನಿಗಳು ಪತ್ರ ಹೊರಹೋಗುವ 25ನೇ ಪೋರ್ಟ್ ಮುಚ್ಚಿರುತ್ತವೆ. ಆದ್ದರಿಂದ ಬೇರೆ ಮೇಲ್ ಸೇವೆ ಹಿಡಿದು 587ನೇ ಪೋರ್ಟ್ ಬಳಸಿ, ಡೊಮೈನ್‌ಗೆ ಎಸ್‌ಪಿಎಫ್ ಮತ್ತು ಡಿಕಿಮ್ ದಾಖಲೆ (ಪತ್ರ ನಿಮ್ಮ ಡೊಮೈನಿನದೇ ಎಂದು ತೋರಿಸುವ ಗುರುತು) ಸೇರಿಸಿ. ಇದು ತಪ್ಪಿದರೆ ಸೇರಲು ಬಂದವರಿಗೆ ಖಾತೆ ಖಚಿತಪಡಿಸುವ ಪತ್ರವೇ ಮುಟ್ಟುವುದಿಲ್ಲ. ಅವರು ದೂರು ಹೇಳದೆ ಹೊರಟುಹೋಗುತ್ತಾರೆ. 'ಈಗಿನವರಿಗೆ ಹವ್ಯಾಸದಲ್ಲಿ ಆಸಕ್ತಿಯೇ ಇಲ್ಲ' ಎಂದು ಹಿರಿಯರು ನೊಂದುಕೊಳ್ಳುವ ಎಷ್ಟೋ ಕಡೆ ಕಾರಣ ಸ್ಪ್ಯಾಮ್ ಡಬ್ಬಿಯಲ್ಲಿ ಬಿದ್ದಿರುತ್ತದೆ. ಹಳೆಯ ಸದಸ್ಯರ ವಿಷಯದಲ್ಲೂ ಹೀಗೇ: ಪತ್ರ ತಿರುಗಿ ಬಂದರೆ ಅಂಕ ಸೇರುತ್ತದೆ, ತಾತ್ಕಾಲಿಕ ತೊಂದರೆಗೆ 1, ಶಾಶ್ವತ ತೊಂದರೆಗೆ 2. ಮೊತ್ತ 4 ಮುಟ್ಟಿದರೆ ಆ ಸದಸ್ಯರಿಗೆ ಪತ್ರ ಹೋಗುವುದು ನಿಲ್ಲುತ್ತದೆ. ಆಡಳಿತ ಪುಟದ ಇಮೇಲ್ ವಿಭಾಗದಲ್ಲಿ 'ಬೌನ್ಸ್ಡ್' ಮತ್ತು 'ಸ್ಕಿಪ್ಡ್' ಪಟ್ಟಿಗಳನ್ನು ವಾರಕ್ಕೊಮ್ಮೆಯಾದರೂ ನೋಡಲೇಬೇಕು.

ಇನ್ನು ಹೊಸಬರನ್ನು ಬಾಗಿಲಲ್ಲೇ ತಡೆಯುವ ಮಿತಿಗಳು. ಹೊಸ ಖಾತೆ ಟ್ರಸ್ಟ್ ಲೆವೆಲ್ (ಸದಸ್ಯರ ಮೇಲಿನ ವಿಶ್ವಾಸದ ಮಟ್ಟ) 0ರಲ್ಲಿ ಶುರುವಾಗುತ್ತದೆ. ಒಂದು ಬರಹಕ್ಕೆ ಒಂದೇ ಚಿತ್ರ, ಎರಡೇ ಕೊಂಡಿ. ಬೇರೆಯವರ ಎಳೆಯಲ್ಲಿ, ತಮಗೆ ಯಾರಾದರೂ ಮರುನುಡಿಯುವ ತನಕ, ಮೂರಕ್ಕಿಂತ ಹೆಚ್ಚು ಉತ್ತರ ಬರೆಯುವಂತಿಲ್ಲ. ಸ್ಪ್ಯಾಮ್ ತಡೆಗೆ ಇದು ಸರಿ. ಆದರೆ ಹವ್ಯಾಸಿ ವೇದಿಕೆಗೆ ಮೊದಲ ಸಲ ಬರುವವರು ಸರ್ಕ್ಯೂಟ್ ಬೋರ್ಡಿನ ಮುಂದೆ, ಹಿಂದೆ, ಒಳಗೆ ಎಂದು ನಾಲ್ಕು ಚಿತ್ರ ಹಿಡಿದು ಬರುತ್ತಾರೆ. 'ಟ್ರಾನ್ಸಿಸ್ಟರ್ ಕಾಲಿನ ವೋಲ್ಟೇಜ್ ಎಷ್ಟು?' ಎಂದು ಇಲ್ಲಿಂದ ಒಬ್ಬರು, 'ಸರಬರಾಜು ಎಷ್ಟು ವೋಲ್ಟ್?' ಎಂದು ಇನ್ನೊಬ್ಬರು ಕೇಳುತ್ತಾರೆ. ಅದಕ್ಕೆ ಉತ್ತರವಾಗಿ ಎರಡು ಚಿತ್ರ ಒಟ್ಟಿಗೆ ಹಾಕ ಹೊರಟರೆ ಯಂತ್ರ ಅವರ ಕೈ ಕಟ್ಟುತ್ತದೆ. ಲೆವೆಲ್ 1ಕ್ಕೆ ಏರಲು 5 ಎಳೆ ತೆರೆದು, 30 ಬರಹ ಓದಿ, 10 ನಿಮಿಷ ಕಳೆಯಬೇಕು. ಅಷ್ಟು ತಾಳ್ಮೆ ಕೆಟ್ಟುನಿಂತ ರೇಡಿಯೋ ಮುಂದಿಟ್ಟುಕೊಂಡವರಿಗೆ ಇರದು. ಚಿತ್ರದ ಮಿತಿ 6ಕ್ಕೆ, ಎಳೆಯೊಳಗಿನ ಉತ್ತರದ ಮಿತಿ 20ಕ್ಕೆ ಏರಿಸಿ, ಹೊಸಬರ ಮೊದಲ ಬರಹಕ್ಕೆ ಮಾತ್ರ ಒಪ್ಪಿಗೆ ಬೇಕೆಂದು ಇಡುವುದು ಮೇಲು.

ಇದರಲ್ಲಿ ಗಮನಕ್ಕೆ ಬಾರದ ಒಂದು ತಿರುವಿದೆ. ಶುರುವಿನಲ್ಲಿ ತಾಣ 'ಬೂಟ್‌ಸ್ಟ್ರಾಪ್' ಸ್ಥಿತಿಯಲ್ಲಿರುತ್ತದೆ. ಆಗ ಸೇರಿದವರಿಗೆ ನೇರ ಲೆವೆಲ್ 1, ದಿನಕ್ಕೊಂದು ಸಾರಾಂಶ ಪತ್ರ. 50 ಸದಸ್ಯರಾದೊಡನೆ ಅದು ತಾನೇ ಕೊನೆಗೊಂಡು ಮಿತಿಗಳು ಬಿಗಿಯಾಗುತ್ತವೆ, ಪತ್ರ ವಾರಕ್ಕೊಮ್ಮೆಯಾಗುತ್ತದೆ. ಐವತ್ತು ದಾಟಿದ ಮೇಲೆ ಚಟುವಟಿಕೆ ಕುಸಿದರೆ ಮೊದಲು ಇಲ್ಲೇ ನೋಡಿ.

ಮೇಲಿನ ತುದಿಯಲ್ಲೂ ಇದೇ ತೊಂದರೆ. ಲೆವೆಲ್ 3 ಉಳಿಯಬೇಕಾದರೆ, ಹೆಚ್ಚುಕಡಿಮೆ ಲೆಕ್ಕದಲ್ಲಿ, ಕಳೆದ 100 ದಿನಗಳಲ್ಲಿ 50 ದಿನ ಬಂದಿರಬೇಕು, 10 ಎಳೆಗಳಿಗೆ ಉತ್ತರಿಸಿರಬೇಕು, 30 ಲೈಕ್ ಕೊಟ್ಟು 20 ಪಡೆದಿರಬೇಕು. ವಾರಕ್ಕೆ ಮೂರು ಹೊಸ ಎಳೆ ಬರುವ ಕಡೆ ಇದು ಆಗದ ಮಾತು. ವರ್ಷಗಳಿಂದ ಎಳೆಗಳನ್ನು ಸರಿಯಾದ ವಿಭಾಗಕ್ಕೆ ಸರಿಸಿ, ಶೀರ್ಷಿಕೆ ತಿದ್ದುತ್ತಿದ್ದವರು ಒಂದು ಬೆಳಿಗ್ಗೆ ಆ ಅಧಿಕಾರ ಕಳೆದುಕೊಂಡಿರುತ್ತಾರೆ. ಅವಮಾನವೆನಿಸಿ ಬರುವುದನ್ನೇ ಬಿಟ್ಟರೆ ಬಳಗಕ್ಕೆ ಅಂಥವರು ಮತ್ತೆ ಸಿಗುವುದಿಲ್ಲ. ಅವರ ಖಾತೆಯಲ್ಲಿ ಲೆವೆಲ್ ಅನ್ನು ಲಾಕ್ ಮಾಡಿಬಿಡಿ, ಅರ್ಧ ನಿಮಿಷದ ಕೆಲಸ.

ಕನ್ನಡದಲ್ಲಿ ನಡೆಸುವವರು ಎರಡು ಸೆಟ್ಟಿಂಗ್ ಬದಲಿಸಬೇಕು. ಕೊಂಡಿಯ ಹೆಸರನ್ನು ಮೂಲತಃ ಇಂಗ್ಲಿಷ್ ಅಕ್ಷರಗಳಿಂದ ಮಾತ್ರ ಕಟ್ಟುವುದರಿಂದ ಕನ್ನಡ ಶೀರ್ಷಿಕೆಯ ಎಳೆಗಳ ಕೊಂಡಿಯಲ್ಲೆಲ್ಲ 'ಟಾಪಿಕ್' ಎಂಬ ಒಂದೇ ಪದ ಬರುತ್ತದೆ. ಸ್ಲಗ್ (ಕೊಂಡಿಯ ಹೆಸರು) ವಿಧಾನವನ್ನು 'ಎನ್‌ಕೋಡೆಡ್' ಎಂದು ಬದಲಿಸಿದರೆ ಶೀರ್ಷಿಕೆಯ ಪದಗಳು ಉಳಿಯುತ್ತವೆ. ಇನ್ನೊಂದು, ಬರಹದ ಕನಿಷ್ಠ ಉದ್ದ 20 ಚಿಹ್ನೆ. 'ಧನ್ಯವಾದಗಳು' ಎಂಬುದು ಒತ್ತು, ಗುಣಿತ ಎಲ್ಲ ಬಿಡಿಸಿ ಎಣಿಸಿದರೂ 10. 'ಸರಿಹೋಯಿತು, ಧನ್ಯವಾದ' ಎಂಬ ಮಾತೇ ಉತ್ತರ ಬರೆದವರಿಗೆ ಸಿಗುವ ಸಂಬಳ. ಅದಕ್ಕೆ ಅಡ್ಡಿ ಬರಬಾರದು, ಕನಿಷ್ಠವನ್ನು 5ಕ್ಕೆ ಇಳಿಸಿ. ಹಳೆಯ ಎಳೆಗೆ ಉತ್ತರಿಸ ಹೊರಟಾಗ ಬರುವ ಎಚ್ಚರಿಕೆಯನ್ನೂ ತೆಗೆದುಬಿಡಿ. ಮೂರು ವರ್ಷದ ಹಿಂದಿನ ಎಳೆಗೆ ಹೊಸ ಅಳತೆ ಬಂದು ಸೇರುವುದೇ ಹವ್ಯಾಸಿ ವೇದಿಕೆಯ ಸೊಗಸು.

ಚಿತ್ರಗಳ ವಿಷಯದಲ್ಲಿ ಡಿಸ್ಕೋರ್ಸ್‌ಗೆ ಪೂರ್ತಿ ಅಂಕ. 2017ರಲ್ಲಿ ಫೋಟೊಬಕೆಟ್ ತನ್ನ ಚಿತ್ರಗಳನ್ನು ಬೇರೆ ತಾಣಗಳಲ್ಲಿ ಉಚಿತವಾಗಿ ತೋರಿಸುವುದನ್ನು ನಿಲ್ಲಿಸಿದಾಗ ಜಗತ್ತಿನ ಎಷ್ಟೋ ವೇದಿಕೆಗಳ ಹಂತಹಂತದ ವಿವರಣೆಗಳು ಕುರುಡಾದವು. ಡಿಸ್ಕೋರ್ಸ್ ಹೊರಗಿನ ಚಿತ್ರವನ್ನು ತನ್ನ ಡಿಸ್ಕಿಗೇ ಇಳಿಸಿಕೊಳ್ಳುತ್ತದೆ. ಆದರೆ ಡಿಸ್ಕಿನಲ್ಲಿ ಖಾಲಿ ಜಾಗ ಶೇ 10ಕ್ಕಿಂತ ಕಡಿಮೆಯಾದರೆ ಈ ಸೌಲಭ್ಯ ತಾನಾಗಿಯೇ ಆಫ್ ಆಗುತ್ತದೆ. ಜಾಗ ಮಾಡಿಕೊಟ್ಟ ಮೇಲೆ ನೀವೇ ಹೋಗಿ ಆನ್ ಮಾಡಬೇಕು.

ಈಗ ಜೊತೆಗೇ ಬರುವ ಚಾಟ್ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಸಣ್ಣ ಬಳಗದಲ್ಲಿ ಅದನ್ನು ಮುಚ್ಚಿಡಿ. ಇರುವ ಸ್ವಲ್ಪ ಮಾತೂ ಅಲ್ಲಿಗೆ ಹರಿದುಹೋಗುತ್ತದೆ, ಚಾನೆಲ್‌ನ ಸಂದೇಶಗಳು ಮೂಲ ಸೆಟ್ಟಿಂಗ್ ಪ್ರಕಾರ 90 ದಿನಕ್ಕೆ ಅಳಿಯುತ್ತವೆ. ವಾಟ್ಸ್ಆ್ಯಪ್ ಬಿಟ್ಟು ಬಂದ ಉದ್ದೇಶವೇ ಕೆಟ್ಟಿತು.

ಫೋನಿನ ಸೂಚನೆ ಇಲ್ಲದೆ ಈಗ ಯಾರೂ ಮರಳಿ ಬರುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಬ್ರೌಸರ್‌ನಿಂದಲೇ ಬರುತ್ತದೆ. ಐಫೋನಿನಲ್ಲಿ ಐಓಎಸ್ 16.4 ಅಥವಾ ಮುಂದಿನದು ಬೇಕು, ತಾಣವನ್ನು ಹೋಮ್ ಸ್ಕ್ರೀನಿಗೆ ಸೇರಿಸಿರಲೂ ಬೇಕು. ಸ್ವಾಗತ ಪತ್ರದಲ್ಲಿ ಈ ಎರಡು ಸಾಲು ಚಿತ್ರಸಹಿತ ಹಾಕಿ.

ಆರೋಗ್ಯ ತಿಳಿಯಲು ಪುಟವೀಕ್ಷಣೆ ನೋಡಬೇಡಿ, ಅದರಲ್ಲಿ ಬಾಟ್‌ಗಳ ಪಾಲೂ ಇರುತ್ತದೆ. ವರದಿಗಳಲ್ಲಿ 'ಮೊದಲ ಉತ್ತರಕ್ಕೆ ಹಿಡಿದ ಸಮಯ' ಮತ್ತು 'ಉತ್ತರವಿಲ್ಲದ ವಿಷಯಗಳು' ಎಂಬ ಎರಡೇ ಸಾಕು. ಸರದಿಯಂತೆ ಒಬ್ಬರು ದಿನಕ್ಕೊಮ್ಮೆ ಉತ್ತರವಿಲ್ಲದ ಪಟ್ಟಿ ತೆರೆಯಲಿ. ಉತ್ತರ ಗೊತ್ತಿಲ್ಲದಿದ್ದರೂ ಸರಿಯಾದ ಮರುಪ್ರಶ್ನೆ ಹಾಕಿ, ಗೊತ್ತಿರುವವರನ್ನು ಹೆಸರು ಹಿಡಿದು ಕರೆಯಲಿ. ವಿಭಾಗಗಳು ನಾಲ್ಕಕ್ಕೆ ಮೀರದಿರಲಿ. ಹದಿನೈದು ವಿಭಾಗ ಮಾಡಿ ಹನ್ನೊಂದು ಖಾಲಿ ಬಿಟ್ಟರೆ ಬಂದವರಿಗೆ ಪಾಳುಮನೆ ಹೊಕ್ಕಂತಾಗುತ್ತದೆ.

ಬ್ಯಾಕಪ್ ತಾನಾಗಿ ಆಗುತ್ತದೆ, ಆದರೆ ಅದೇ ಸರ್ವರ್ ಮೇಲೆ. ಸರ್ವರ್ ಹೋದರೆ ಎರಡೂ ಹೋದವು. ಹೊರಗಿನ ಸಂಗ್ರಹಕ್ಕೆ ಕಳಿಸಿ, ಆರು ತಿಂಗಳಿಗೊಮ್ಮೆ ಬೇರೆ ಯಂತ್ರದ ಮೇಲೆ ರಿಸ್ಟೋರ್ ಮಾಡಿ ನೋಡಿ. ಯಾಹೂ ಗ್ರೂಪ್ಸ್ 2019ರ ಡಿಸೆಂಬರ್‌ನಲ್ಲಿ ಹಳೆಯ ಸಂಗ್ರಹಗಳನ್ನು ತೆಗೆದು, 2020ರ ಡಿಸೆಂಬರ್ 15ರಂದು ಪೂರ್ತಿ ಮುಚ್ಚಿದಾಗ ಪ್ರತಿ ಇಟ್ಟುಕೊಳ್ಳದ ಹವ್ಯಾಸಿ ಗುಂಪುಗಳ ಬರಹ ಹೋಗಿಯೇ ಹೋಯಿತು. ನಿಮ್ಮ ಬಳಗ ನಡೆಯುವ ಸ್ಥಿತಿಯಲ್ಲಿಲ್ಲ ಎಂದಾದರೆ ತಾಣವನ್ನು 'ರೀಡ್ ಓನ್ಲಿ' ಮಾಡಿ, ಪುಟಗಳ ಸ್ಥಿರ ಪ್ರತಿ ತೆಗೆದು ಹಳೆಯ ಡೊಮೈನಿನಲ್ಲೇ ಇಡಿ. ಡೊಮೈನ್ ನವೀಕರಿಸುವ ಜವಾಬ್ದಾರಿಯನ್ನು ಒಬ್ಬರಿಗಲ್ಲ, ಇಬ್ಬರಿಗೆ ಒಪ್ಪಿಸಿ.