ಕ್ರಾಫ್ಟ್ ಲಿಗ್ನಿನ್ ಪುಡಿ: ಸರಕು ಚೆನ್ನಾಗಿದೆ, ಚೀಲದ ಮೇಲಿನ ಮಾಹಿತಿ ಸಾಲದು

ಪ್ಲೈವುಡ್ ಅಂಟಿಗೆ ಹಾಕುವ ಫೀನಾಲ್ ಎಂಬ ರಾಸಾಯನಿಕವನ್ನು ಕಡಿಮೆ ಮಾಡೋಣ ಅಂತ ಈ ಪುಡಿ ತರಿಸಿದ್ದೆ. ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದನ್ನು ಕಳೆದದ್ದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಮರದ ಒಣ ತೂಕದಲ್ಲಿ ಸುಮಾರು ಶೇ. 20ರಿಂದ 30 ಲಿಗ್ನಿನ್ ಇರುತ್ತದೆ. ನಾರುಗಳನ್ನು ಒಂದಕ್ಕೊಂದು ಬಿಗಿದು ಮರಕ್ಕೆ ಗಟ್ಟಿತನ ಕೊಡುವುದು ಇದೇ. ಕಾಗದಕ್ಕಾಗಿ ಕ್ರಾಫ್ಟ್ ವಿಧಾನದಲ್ಲಿ, ಅಂದರೆ ಮರವನ್ನು ಗಂಧಕ ಬೆರೆತ ಕ್ಷಾರದಲ್ಲಿ ಬೇಯಿಸಿ, ನಾರು ಬಿಡಿಸುವಾಗ ಇದು ಕರಗಿ, ಉಳಿಯುವ ಕಪ್ಪು ದ್ರವವಾದ ಬ್ಲ್ಯಾಕ್ ಲಿಕ್ಕರ್‌ಗೆ ಸೇರುತ್ತದೆ, ಅದನ್ನು ಅಲ್ಲೇ ಬಾಯ್ಲರ್‌ನಲ್ಲಿ ಉರಿಸುತ್ತಾರೆ. ಕಾರ್ಖಾನೆಗೆ ಶಾಖ ಸಿಗುತ್ತದೆ, ನಿಜ. ಆದರೆ ಪೆಟ್ರೋಲಿಯಂನಿಂದ ಕಷ್ಟಪಟ್ಟು ತಯಾರಿಸುವ ಫೀನಾಲ್‌ನಲ್ಲಿರುವಂಥದ್ದೇ ಇಂಗಾಲದ ಪರಮಾಣುಗಳ ಉಂಗುರಗಳನ್ನು ಮರ ತಾನೇ ಕಟ್ಟಿಟ್ಟಿರುವಾಗ ಎಲ್ಲವನ್ನೂ ಒಲೆಗೆ ಹಾಕುವುದು ನನಗೆ ಸಂಕಟದ ವಿಷಯ. ಅದೇ ದ್ರವಕ್ಕೆ ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ ಲಿಗ್ನಿನ್ ಗರಣೆಗಟ್ಟಿ ಬೇರೆಯಾಗುತ್ತದೆ. ಆಮ್ಲದಲ್ಲಿ ತೊಳೆದು ಒಣಗಿಸಿದರೆ ಈ ಕಂದು ಪುಡಿ.

ಬಳಕೆಗೆ ಬರೋಣ. ಬರೀ ನೀರಿನಲ್ಲಿ ಕರಗುವುದಿಲ್ಲ, ಕಾಸ್ಟಿಕ್ ಸೋಡಾ ಬೇಕೇ ಬೇಕು. ನಿಧಾನವಾಗಿ ಉದುರಿಸುತ್ತಾ ಕಲಕಬೇಕು, ಒಮ್ಮೆಲೇ ಸುರಿದರೆ ಗಂಟು. ತುಂಬಾ ನುಣುಪಾದ ಪುಡಿ, ಮಾಸ್ಕ್ ಹಾಕಿ; ಗಾಳಿಯಲ್ಲಿ ಎದ್ದರೆ ಕಿಡಿ ತಾಗಿ ಸ್ಫೋಟವಾಗುವ ಅಪಾಯವೂ ಇದೆ, ಆದ್ದರಿಂದ ಹತ್ತಿರ ವೆಲ್ಡಿಂಗ್, ಗ್ರೈಂಡಿಂಗ್ ಇಟ್ಟುಕೊಳ್ಳಬೇಡಿ. ಗಂಧಕದ ವಾಸನೆ ಇದೆ. ಫೀನಾಲ್‌ನ ಮೂರನೇ ಒಂದು ಭಾಗದಷ್ಟು ತೆಗೆದು ಇದನ್ನು ಹಾಕಿದೆ. ಹಾಟ್ ಪ್ರೆಸ್‌ನಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಬೇಕಾಯಿತು, ಆದರೆ ಹಲಗೆಯನ್ನು ನೀರಲ್ಲಿ ಕುದಿಸಿದರೂ ಪದರ ಬಿಡಲಿಲ್ಲ. ಅಂಚಿನಲ್ಲಿ ಅಂಟಿನ ಗೆರೆ ಕಪ್ಪಾಗಿ ಕಾಣುತ್ತದೆ. ಸೆಂಟ್ರಿಂಗ್ ಪ್ಲೈಗೆ ಅದರಿಂದ ಏನೂ ತೊಂದರೆಯಿಲ್ಲ.

ಈಗ ಆ ಒಂದು ಸ್ಟಾರ್ ವಿಷಯ. ಮುಂದಿನ ಸಲ ಅದೇ ಹೆಸರಿನ ಚೀಲ ಬಂತು, ಅದೇ ಅಳತೆಯಲ್ಲಿ ಬೆರೆಸಿದೆ, ಅಂಟು ಗಟ್ಟಿಯಾಗಲೇ ಇಲ್ಲ. ಕೇಳಿದ ಮೇಲೆ ತಿಳಿಯಿತು, ಮೊದಲನೆಯದು ಪೈನ್ ಮರದ್ದು, ಇದು ನೀಲಗಿರಿಯದ್ದು. ಇದು ಸಣ್ಣ ವ್ಯತ್ಯಾಸ ಅಲ್ಲ. ಫೀನಾಲ್‌ನ ಉಂಗುರದಲ್ಲಿ, ಉಂಗುರಗಳನ್ನು ಬೆಸೆದು ಅಂಟನ್ನು ಗಟ್ಟಿ ಮಾಡುವ ಫಾರ್ಮಾಲ್ಡಿಹೈಡ್ ಬಂದು ಕೂರಲು ಮೂರು ಜಾಗ ಇವೆ. ಪೈನ್, ಸ್ಪ್ರೂಸ್‌ನಂಥ ಮರಗಳ ಲಿಗ್ನಿನ್‌ನಲ್ಲಿ ಹೆಚ್ಚಿನ ಉಂಗುರಗಳಿಗೆ ಅಂಥದ್ದು ಒಂದೇ ಜಾಗ, ಅದೂ ಕೆಲವು ಕಡೆ ಮೊದಲೇ ತುಂಬಿರುತ್ತದೆ. ನೀಲಗಿರಿಯಂಥ ಅಗಲ ಎಲೆಯ ಮರಗಳಲ್ಲಿ ಬಹಳಷ್ಟು ಉಂಗುರಗಳಲ್ಲಿ ಒಂದೂ ಖಾಲಿ ಇರುವುದಿಲ್ಲ, ಆ ಜಾಗಗಳಲ್ಲಿ ಮೆಥಾಕ್ಸಿ ಎಂಬ ಬೇರೆ ಪರಮಾಣು ಗುಂಪುಗಳು ಕೂತಿರುತ್ತವೆ. ಹಾಗಿದ್ದಾಗ ಅಂಟು ಬಲವಾಗಿ ಹೆಣೆದುಕೊಳ್ಳುವುದು ಹೇಗೆ? ಇಷ್ಟು ಮುಖ್ಯವಾದ ವಿಷಯವನ್ನು ಚೀಲದ ಮೇಲೆ ಬರೆಯದೆ ಸುಮ್ನೆ "ಟೆಕ್ನಿಕಲ್ ಗ್ರೇಡ್" ಅಂತ ಅಚ್ಚು ಹಾಕಿದರೆ ಕೊಂಡವರು ಏನು ಮಾಡಬೇಕು ಹೇಳಿ.

ನೀವು ಕೊಳ್ಳುವುದಾದರೆ ಯಾವ ಮರದ್ದು, ಬೂದಿ ಎಷ್ಟು, ತೇವ ಎಷ್ಟು, ಗಂಧಕ ಎಷ್ಟು ಎಂಬ ಪರೀಕ್ಷಾ ವರದಿಯನ್ನು ಆ ಲಾಟ್‌ಗೇ ಕೇಳಿ ತೆಗೆದುಕೊಳ್ಳಿ. ತೇವ ಏರುಪೇರಾದರೆ ನಿಮ್ಮ ತೂಕದ ಲೆಕ್ಕವೇ ಕೆಡುತ್ತದೆ.

ಇಂಧನಕ್ಕೆ ಅಂತ ಇದನ್ನು ತರಿಸಬೇಡಿ. ಕೆಜಿಗೆ ಸುಮಾರು 25 ಮೆಗಾಜೂಲ್ ಶಾಖ ಇದೆ, ಉರಿಯುತ್ತದೆ, ಆದರೆ ಗಂಧಕದ ಹೊಗೆಯೂ ಬರುತ್ತದೆ. ಎಂಜಿನ್‌ಗೆ ಹಾಕುವ ಎಣ್ಣೆ ಮಾಡಬೇಕೆಂದರೆ ವೇಗವರ್ಧಕ, ಹೈಡ್ರೋಜನ್, ಒತ್ತಡ ಎಲ್ಲ ಬೇಕು, ಒಡೆದ ತುಣುಕುಗಳು ಮತ್ತೆ ಒಂದಕ್ಕೊಂದು ಅಂಟಿಕೊಂಡು ಕಲ್ಲಿದ್ದಲಿನಂತೆ ಗಟ್ಟಿಯಾಗುವುದನ್ನೂ ತಡೆಯಬೇಕು. ಅದು ದೊಡ್ಡ ಘಟಕಗಳ ಕೆಲಸ.